ಎಬಿಟ್ಡಾ: ಲಾಭದ ಅಳತೆಗೋಲೋ, ಲೆಕ್ಕದ ಅಲಂಕಾರವೋ?

ಕಂಪನಿಗಳ ತ್ರೈಮಾಸಿಕ ಫಲಿತಾಂಶಗಳ ವಿಶ್ಲೇಷಣೆಯಲ್ಲಿ ನಿವ್ವಳ ಲಾಭದಷ್ಟೇ ಪ್ರಾಮುಖ್ಯ ಪಡೆದಿರುವ ಅಂಕಿ ಎಬಿಟ್ಡಾ. ಬಡ್ಡಿ, ತೆರಿಗೆ, ಸವಕಳಿ ಹಾಗೂ ಅಮೂರ್ತ ಸ್ವತ್ತುಗಳ ಮೌಲ್ಯವಜಾ, ಈ ನಾಲ್ಕನ್ನು ಕಳೆಯುವ ಮುನ್ನ ಉಳಿಯುವ ಗಳಿಕೆಯೇ ಇದು. ಸಣ್ಣ ಘಟಕಗಳಿಗೆ ಸಾಲ ನೀಡುವವರೂ, ಅವನ್ನು ಕೊಳ್ಳಬಯಸುವವರೂ ಈಗ ಇದೇ ಅಂಕಿಯನ್ನು ಕೇಳುವುದುಂಟು. ಆದುದರಿಂದ ಅದು ಏನನ್ನು ತಿಳಿಸುತ್ತದೆ, ಏನನ್ನು ಮರೆಮಾಚುತ್ತದೆ ಎಂಬುದನ್ನು ವರ್ತಕರೂ ಉದ್ಯಮಿಗಳೂ ಅರಿತಿರುವುದು ಅವಶ್ಯ.

ಈ ಅಳತೆಯಲ್ಲಿ ಗುಣವಿಲ್ಲದಿಲ್ಲ. ಒಂದೇ ಉದ್ಯಮದ ಎರಡು ಘಟಕಗಳಲ್ಲಿ ಒಂದು ಸ್ವಂತ ಬಂಡವಾಳದಿಂದಲೂ, ಮತ್ತೊಂದು ಸಾಲದಿಂದಲೂ ನಡೆಯುತ್ತಿರಬಹುದು. ಯಂತ್ರಗಳ ವಯಸ್ಸು, ಸವಕಳಿಯ ಪದ್ಧತಿ ಬೇರೆಯಾಗಿರಬಹುದು. ಈ ಭೇದಗಳನ್ನು ಬದಿಗಿರಿಸಿ ವ್ಯಾಪಾರದ ಮೂಲ ಸಾಮರ್ಥ್ಯವನ್ನು ಹೋಲಿಸಲು ಎಬಿಟ್ಡಾ ನೆರವಾಗುತ್ತದೆ.

ತೊಡಕು ಆರಂಭವಾಗುವುದು ಇದನ್ನೇ ಲಾಭವೆಂದೋ ನಗದೆಂದೋ ಭಾವಿಸಿದಾಗ. ಒಂದು ಕಾಲ್ಪನಿಕ ಉದಾಹರಣೆಯನ್ನು ಗಮನಿಸಿ. ಎರಡು ಘಟಕಗಳ ವಾರ್ಷಿಕ ಮಾರಾಟ ತಲಾ 4 ಕೋಟಿ ರೂ., ಎಬಿಟ್ಡಾ ತಲಾ 60 ಲಕ್ಷ ರೂ. ಮೊದಲನೆಯದರ ಸವಕಳಿ 10 ಲಕ್ಷ, ಬಡ್ಡಿ 8 ಲಕ್ಷ. ತೆರಿಗೆಪೂರ್ವ ಲಾಭ 42 ಲಕ್ಷ. ಎರಡನೆಯದರ ಸವಕಳಿ 28 ಲಕ್ಷ, ಬಡ್ಡಿ 25 ಲಕ್ಷ. ಉಳಿಯುವುದು ಕೇವಲ 7 ಲಕ್ಷ. ಜೊತೆಗೆ ಅದು 24 ಲಕ್ಷ ಸಾಲದ ಕಂತು ಕಟ್ಟಬೇಕು. ಗ್ರಾಹಕರ ಬಾಕಿಯೂ 15 ಲಕ್ಷ ಹೆಚ್ಚಿದೆ. 60 ಲಕ್ಷದಿಂದ ಬಡ್ಡಿ, ಕಂತು, ಬಾಕಿಗಳನ್ನು ಕಳೆದರೆ ತೆರಿಗೆಗೆ ಮುನ್ನವೇ 4 ಲಕ್ಷ ನಗದಿನ ಕೊರತೆ! ಶೇ. 15ರ ಎಬಿಟ್ಡಾ ಪ್ರಮಾಣ ಈ ಸಂಕಟದ ಸುಳಿವನ್ನೇ ನೀಡುವುದಿಲ್ಲ.

ಸವಕಳಿ ಕೇವಲ ಪುಸ್ತಕದ ನಮೂದು ಎನ್ನುವವರಿದ್ದಾರೆ. ಹಣ ಈ ವರ್ಷ ಹೊರಹೋಗಿಲ್ಲವೆಂಬುದು ನಿಜ; ಯಂತ್ರ ಕೊಂಡಾಗಲೇ ಅದು ಹೋಗಿದೆ, ಯಂತ್ರ ಸವೆದಾಗ ಮತ್ತೆ ಹೋಗಲಿದೆ. ಹೂಡಿಕೆದಾರ ವಾರನ್ ಬಫೆಟ್ ಬಹುಕಾಲದಿಂದ ಎಬಿಟ್ಡಾವನ್ನು ಟೀಕಿಸುತ್ತ ಬಂದಿರುವುದು ಇದೇ ಕಾರಣಕ್ಕೆ.

ದುರುಪಯೋಗಕ್ಕೂ ಇಲ್ಲಿ ಅವಕಾಶವಿದೆ. ಅಮೆರಿಕದ ವರ್ಲ್ಡ್‌ಕಾಮ್ ಸಂಸ್ಥೆ ಇತರ ದೂರಸಂಪರ್ಕ ಜಾಲಗಳಿಗೆ ತೆರುತ್ತಿದ್ದ ಶುಲ್ಕವನ್ನು ಬಂಡವಾಳ ವೆಚ್ಚವೆಂದು ದಾಖಲಿಸಿತು. 2001 ಹಾಗೂ 2002ರ ಮೊದಲ ತ್ರೈಮಾಸಿಕದಲ್ಲಿ ಹೀಗೆ ಸರಿಸಿದ ಮೊತ್ತ ಸುಮಾರು 380 ಕೋಟಿ ಡಾಲರ್. ದೈನಂದಿನ ಖರ್ಚು ಸವಕಳಿಯ ರೂಪ ತಳೆದೊಡನೆ ಅಷ್ಟೂ ಮೊತ್ತ ಎಬಿಟ್ಡಾಗೆ ಸೇರಿತು. 2002ರ ಜುಲೈನಲ್ಲಿ ಸಂಸ್ಥೆ ದಿವಾಳಿ ಅರ್ಜಿ ಸಲ್ಲಿಸಿತು.

ನಿಯಮಬದ್ಧ ಬದಲಾವಣೆಯಿಂದಲೂ ಅಂಕಿ ಏರಬಹುದು. 2019ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇಂಡ್ ಎಎಸ್ 116ರನ್ವಯ ದೀರ್ಘಾವಧಿ ಗುತ್ತಿಗೆಯ ಬಾಡಿಗೆಯು ಬಹುಪಾಲು ಸವಕಳಿ ಮತ್ತು ಬಡ್ಡಿಯಾಗಿ ವಿಂಗಡಣೆಯಾಗುತ್ತದೆ. ವ್ಯಾಪಾರ ಹಾಗೆಯೇ ಇದ್ದರೂ ಎಬಿಟ್ಡಾ ಹೆಚ್ಚುತ್ತದೆ. ಈ ಮಾನದಂಡಕ್ಕೆ ಒಳಪಡದ ಸಣ್ಣ ಘಟಕವು ಕಟ್ಟಡದ ಬಾಡಿಗೆಯನ್ನು ಖರ್ಚೆಂದೇ ತೋರಿಸುವುದರಿಂದ, ಅದನ್ನು ದೊಡ್ಡ ಕಂಪನಿಯೊಡನೆ ನೇರವಾಗಿ ಹೋಲಿಸುವುದು ನ್ಯಾಯವಲ್ಲ.

ಹಾಗಾದರೆ ಎಬಿಟ್ಡಾವನ್ನು ತಿರಸ್ಕರಿಸಬೇಕೆ? ಬೇಕಿಲ್ಲ, ಒಂಟಿಯಾಗಿ ನಂಬಬಾರದು, ಅಷ್ಟೆ. ಅದರ ಪಕ್ಕದಲ್ಲಿ ಮೂರು ಅಂಕಿಗಳನ್ನು ಬರೆದಿಡಿ: ವರ್ಷದ ಬಡ್ಡಿ ಮತ್ತು ಕಂತು, ಯಂತ್ರಗಳ ನವೀಕರಣಕ್ಕೆ ಬೇಕಾದ ಹಣ, ಬಾಕಿ ಹಾಗೂ ದಾಸ್ತಾನಿನಲ್ಲಿ ಸಿಲುಕಿದ ಹೆಚ್ಚುವರಿ ಬಂಡವಾಳ. ಇವನ್ನೂ ತೆರಿಗೆಯನ್ನೂ ಕಳೆದ ಮೇಲೆ ಉಳಿಯುವುದಷ್ಟೇ ಮಾಲೀಕನ ಕೈಗೆ ದಕ್ಕುವ ಹಣ. ಉದ್ಯಮ ವಿಸ್ತರಣೆಯ ತೀರ್ಮಾನಕ್ಕೆ ಆಧಾರವಾಗಬೇಕಾದುದು ಅದೇ.