ಸೋಸಿ ಚೆಲ್ಲಿದ ನಾದದ ಬೆನ್ನು ಹತ್ತಿ

1998ರಲ್ಲಿ ದಕ್ಷಿಣ ಕೊರಿಯಾದ ಸೇಹಾನ್ ಕಂಪನಿ ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದ ಯಂತ್ರವೊಂದನ್ನು ಮಾರುಕಟ್ಟೆಗೆ ತಂದಿತು. ಹೆಸರು ಎಂಪಿಮ್ಯಾನ್ ಎಫ್‌10. ಒಳಗೆ ಟೇಪಿಲ್ಲ, ತಟ್ಟೆಯಿಲ್ಲ, ತಿರುಗುವಂಥದ್ದು ಯಾವುದೂ ಇಲ್ಲ. ಇದ್ದದ್ದು 32 ಮೆಗಾಬೈಟ್ ಮೆಮೊರಿ ಮಾತ್ರ. ಸಿ.ಡಿ.ಯಲ್ಲಿರುವ ಸಂಗೀತವನ್ನು ಇದ್ದ ಹಾಗೇ ಅದರೊಳಗೆ ಸುರಿದರೆ ಮೂರು ನಿಮಿಷ ಹತ್ತು ಸೆಕೆಂಡಿಗೆಲ್ಲ ಜಾಗ ತುಂಬಿಹೋಗುತ್ತದೆ.

1902ರಲ್ಲಿ ಕಲ್ಕತ್ತಾದಲ್ಲಿ ಗ್ರಾಮಾಫೋನ್ ಕಂಪನಿಯ ಕೊಂಬಿನೆದುರು ನಿಂತ ಗೌಹರ್ ಜಾನ್‌ಗೆ ಸಿಕ್ಕಿದ್ದೂ ಸುಮಾರು ಮೂರೇ ನಿಮಿಷ. ಗಂಟೆಗಟ್ಟಲೆ ಹರಡಿಕೊಳ್ಳುವ ರಾಗವನ್ನು ಆಕೆ ಅಷ್ಟರೊಳಗೆ ಮಡಚಿಟ್ಟರು. ಬದುಕಿನ ಕೊನೆಯಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ಕಣ್ಣುಮುಚ್ಚಿದ ಗಾಯಕಿ ಅವರು. ಹೆಚ್ಚುಕಡಿಮೆ ನೂರು ವರ್ಷದ ಬಳಿಕ ತಂತ್ರಜ್ಞಾನ ಅದೇ ಮೂರು ನಿಮಿಷದ ಗೋಡೆಗೆ ಮತ್ತೆ ಬಂದು ನಿಂತಿತ್ತು. ಗೌಹರ್ ಜಾನ್ ರಾಗವನ್ನು ಮಡಚಿದ್ದರು. ಈ ಸಲ ನಾದವನ್ನೇ ಸೋಸಬೇಕಾಯಿತು. ಹಾಗೆ ಸೋಸಿ ಚೆಲ್ಲಿದ್ದನ್ನು ವಾಪಸು ಪಡೆಯಲು ಹೊರಟವರಿಂದಲೇ ಇಂದಿನ ಉತ್ಕೃಷ್ಟ ಡಿಜಿಟಲ್ ಆಡಿಯೋ ಪ್ಲೇಯರ್, ಅಂದರೆ ಹವ್ಯಾಸಿಗಳ ಬಾಯಲ್ಲಿ ‘ಡ್ಯಾಪ್’, ಹುಟ್ಟಿಕೊಂಡಿತು.

ನಡೆದಾಡುತ್ತಾ ಒಳ್ಳೆಯ ಸಂಗೀತ ಕೇಳಬೇಕೆಂಬ ಆಸೆ ಮಾತ್ರ ಇದಕ್ಕಿಂತ ಹಳೆಯದು. ಸೋನಿಯ ಸಹಸ್ಥಾಪಕ ಮಸಾರು ಇಬುಕಾ ದೂರದ ವಿಮಾನಯಾನಗಳಲ್ಲಿ ಸ್ಟೀರಿಯೋ ಸಂಗೀತ ಕೇಳಲು ಬಯಸುತ್ತಿದ್ದರು. ಆದರೆ ಅದಕ್ಕೆಂದು ಒಯ್ಯುತ್ತಿದ್ದ ರೆಕಾರ್ಡರ್ ಭಾರವಾಗಿತ್ತು. ಪತ್ರಕರ್ತರಿಗಾಗಿ ತಯಾರಿಸಿದ್ದ ‘ಪ್ರೆಸ್‌ಮ್ಯಾನ್’ ಎಂಬ ಪುಟ್ಟ ರೆಕಾರ್ಡರ್‌ನಿಂದ ಧ್ವನಿಮುದ್ರಣದ ಭಾಗವನ್ನು ಕಿತ್ತು, ಸ್ಟೀರಿಯೋ ಸರ್ಕ್ಯೂಟ್ ಕೂಡಿಸಿ ಕೊಟ್ಟರು ಎಂಜಿನಿಯರುಗಳು. 1979ರ ಜುಲೈ 1ರಂದು 33,000 ಯೆನ್ ಬೆಲೆಗೆ ವಾಕ್‌ಮನ್ ಅಂಗಡಿಗೆ ಬಂತು. ರೆಕಾರ್ಡ್ ಮಾಡಲಾಗದ ಯಂತ್ರವನ್ನು ಯಾರು ಕೊಳ್ಳುತ್ತಾರೆ ಎಂದು ಅಂಗಡಿಯವರು ಕೇಳಿದರು. ಮೊದಲ ತಿಂಗಳು ಹೋದದ್ದು ಮೂರು ಸಾವಿರವಷ್ಟೆ. ಆಗಸ್ಟ್ ಮುಗಿಯುವಷ್ಟರಲ್ಲಿ ತಯಾರಿಸಿಟ್ಟಿದ್ದ 30,000 ವಾಕ್‌ಮನ್‌ಗಳೂ ಖಾಲಿ.

ಕನ್ನಡದಲ್ಲೂ ಅದು ಕ್ಯಾಸೆಟ್ ಕಾಲದ ಮುಂಜಾನೆ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಕೂಡಿಸಿದ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲಷ್ಟೇ ಹೊರಬಂದಿತ್ತು. ಆಮೇಲಿನ ಎರಡು ದಶಕ ಭಾವಗೀತೆ ಮನೆಮನೆಗೆ ನಡೆದದ್ದು ಟೇಪಿನ ಮೇಲೆಯೇ. ಟೇಪು ಸವೆಯುತ್ತಿತ್ತು, ಸಿಕ್ಕಿಕೊಳ್ಳುತ್ತಿತ್ತು, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತಿತ್ತು.

1982ರಲ್ಲಿ ಸಿ.ಡಿ. ಬಂತು. ನಾದವನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಡುವುದು ಅದರ ಕ್ರಮ. ಈ 44,100 ಎಂಬ ವಿಚಿತ್ರ ಸಂಖ್ಯೆಯ ಮೂಲ ಸಂಗೀತದಲ್ಲಿಲ್ಲ, ವಿಡಿಯೋ ಟೇಪಿನಲ್ಲಿದೆ. ಆಗ ಇಷ್ಟೊಂದು ಅಂಕಿಗಳನ್ನು ಹಿಡಿದಿಡಬಲ್ಲ ಸಾಧನವೆಂದರೆ ವಿಡಿಯೋ ರೆಕಾರ್ಡರ್. ಚಿತ್ರದ ಒಂದೊಂದು ಗೆರೆಯಲ್ಲಿ ಮೂರು ಅಳತೆ, ಬಳಕೆಗೆ ಸಿಗುವ ಗೆರೆಗಳು 245, ಸೆಕೆಂಡಿಗೆ 60 ಬಾರಿ. ಗುಣಿಸಿದರೆ 44,100. ಮನುಷ್ಯನ ಕಿವಿ ಕೇಳುವ ಗರಿಷ್ಠ ಕಂಪನಾಂಕ ಸುಮಾರು 20,000 ಹರ್ಟ್ಜ್. ಅದನ್ನು ಹಿಡಿಯಲು ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆಯಬೇಕು. ಹಾಗಾಗಿ ಆ ಸಂಖ್ಯೆ ಕಿವಿಗೂ ಸಾಲುತ್ತಿತ್ತು. ಆದರೆ ಒಂದೊಂದು ಸೆಕೆಂಡಿಗೂ 14 ಲಕ್ಷ ಬಿಟ್. ಕಂಪ್ಯೂಟರುಗಳೇ ಹೊರಲಾರದ ಹೊರೆ ಅದು, ಇನ್ನು ಜೇಬಿನ ಪಾಡೇನು?

ಈ ಹೊರೆ ಇಳಿಸುವ ಕೆಲಸ ಮುಖ್ಯವಾಗಿ ಜರ್ಮನಿಯ ಎರ್ಲಾಂಗೆನ್ ಊರಿನಲ್ಲಿ ನಡೆಯಿತು. ಟೆಲಿಫೋನ್ ತಂತಿಯ ಮೇಲೆ ಸಂಗೀತ ಕಳಿಸಬೇಕೆಂಬುದು ಪ್ರೊಫೆಸರ್ ಡೀಟರ್ ಸೈಟ್ಜರ್ ಅವರ ಹಂಬಲ. ಅವರ ಶಿಷ್ಯ ಕಾರ್ಲ್‌ಹೈಂಜ್ ಬ್ರಾಂಡೆನ್‌ಬುರ್ಗ್ ಮತ್ತು ಫ್ರೌನ್‌ಹೋಫರ್ ಸಂಸ್ಥೆಯ ತಂಡ ಕಿವಿಯ ಒಂದು ಗುಣವನ್ನು ಹಿಡಿದುಕೊಂಡಿತು. ತೇರಿನ ಮುಂದೆ ನಗಾರಿ ಮೊಳಗುವಾಗ ಪಕ್ಕದವನ ಪಿಸುಮಾತು ಕೇಳುವುದಿಲ್ಲ. ಕೇಳದ ಪಿಸುಮಾತನ್ನು ಬರೆದಿಡುವುದೇಕೆ? ದೊಡ್ಡ ಸದ್ದಿನ ನೆರಳಲ್ಲಿ ಮರೆಯಾಗುವ ಸಣ್ಣ ಸದ್ದನ್ನು ಬಿಟ್ಟುಬಿಡುವ ಲೆಕ್ಕಾಚಾರವೇ ಎಂಪಿ3. ಫೈಲುಗಳಿಗೆ ಆ ಬಾಲದಕ್ಷರ ನಿಗದಿಯಾದದ್ದು 1995ರ ಜುಲೈ 14ರಂದು. ಸುಝಾನ್ ವೇಗಾ ಯಾವ ಪಕ್ಕವಾದ್ಯವೂ ಇಲ್ಲದೆ ಹಾಡಿದ ‘ಟಾಮ್ಸ್ ಡೈನರ್’ ಈ ತಂಡದ ಒರೆಗಲ್ಲು. ಮೊದಮೊದಲು ಆ ಬರಿಯ ಕೊರಳು ಯಂತ್ರದಿಂದ ಒಡೆದು, ಹರಿದು ಹೊರಬಂತು. ಸರಿಯಾಗಿ ಕೇಳಿಸುವವರೆಗೆ ಬ್ರಾಂಡೆನ್‌ಬುರ್ಗ್ ಆ ಹಾಡನ್ನು ನೂರಾರು ಬಾರಿ ಕೇಳಿದರು.

128 ಕಿಲೋಬಿಟ್ ವೇಗದ ಎಂಪಿ3ಯಲ್ಲಿ ಉಳಿಯುವುದು ಸಿ.ಡಿ.ಯ ಹನ್ನೊಂದನೆಯ ಒಂದು ಪಾಲು. ಆಗ 32 ಮೆಗಾಬೈಟಿನಲ್ಲಿ ಮೂರು ನಿಮಿಷದ ಬದಲು ಅರ್ಧ ಗಂಟೆಯ ಸಂಗೀತ ಹಿಡಿಯಿತು. ಇದು ನಿಜವಾಗಿಯೂ ದೊಡ್ಡ ಸಾಧನೆ. ಆದರೆ ಈ ಸೋಸುವಿಕೆಗೆ ಕೆಲವು ನಾದಗಳು ಒಗ್ಗಲಿಲ್ಲ. ಎಂಪಿ3 ಸಂಗೀತವನ್ನು 1,152 ಅಳತೆಗಳ ತುಣುಕುಗಳಾಗಿ ಕತ್ತರಿಸುತ್ತದೆ. ಒಂದು ತುಣುಕೆಂದರೆ ಸೆಕೆಂಡಿನ ನಲವತ್ತನೇ ಒಂದು ಭಾಗಕ್ಕೆ ಹತ್ತಿರ. ನಿಶ್ಶಬ್ದದ ನಡುವೆ ಥಟ್ಟನೆ ಪೆಟ್ಟು ಬಿದ್ದರೆ, ಲೆಕ್ಕದಲ್ಲಿ ಉಳಿದ ತಪ್ಪು ಆ ತುಣುಕಿನಲ್ಲಿ ಹಿಂದಕ್ಕೂ ಹರಡುತ್ತದೆ. ಪೆಟ್ಟು ಬೀಳುವ ಮೊದಲೇ ಧೂಳೆದ್ದ ಹಾಗೆ. ಯುರೋಪಿನವರು ಇದನ್ನು ಪರೀಕ್ಷಿಸಿದ್ದು ಕ್ಯಾಸ್ಟನೆಟ್ ಎಂಬ ಮರದ ತಾಳದಿಂದ. ಘಟ, ಖಂಜಿರಗಳ ಮೊನಚು ಪೆಟ್ಟಿಗೂ ಅದೇ ಗತಿ. ಇನ್ನೊಂದು ಕಿರಿಕಿರಿಯೂ ಇತ್ತು. ಎಂಪಿ3 ಫೈಲಿನ ತಲೆಗೂ ಬಾಲಕ್ಕೂ ಚೂರು ಮೌನ ಅಂಟಿಕೊಳ್ಳುತ್ತದೆ. ಸಿನಿಮಾ ಹಾಡಿಗೆ ಅದರಿಂದ ಏನೂ ಆಗದು. ಆದರೆ ಕಛೇರಿಯೊಂದರ ರಾಗ, ತಾನ, ಪಲ್ಲವಿಗಳು ಬೇರೆ ಬೇರೆ ಟ್ರ್ಯಾಕುಗಳಾಗಿದ್ದರೆ ಪ್ರತಿ ಜೋಡಣೆಯಲ್ಲೂ ತಂಬೂರಿಯ ಶ್ರುತಿ ಕಡಿದುಬೀಳುತ್ತದೆ. ಶ್ರುತಿ ಕಡಿಯುವುದೆಂದರೆ ಏನೆಂದು ಕೇಳುಗರಿಗೆ ಬಿಡಿಸಿ ಹೇಳಬೇಕಿಲ್ಲ.

2001ರಲ್ಲಿ ಎರಡು ಘಟನೆ ನಡೆದವು. ಒಂದು ಜಗತ್ತಿಗೆಲ್ಲ ತಿಳಿಯಿತು, ಇನ್ನೊಂದು ಕೆಲವರಿಗೆ ಮಾತ್ರ.

ಲೋಕಕ್ಕೆ ತಿಳಿದದ್ದು ಐಪಾಡ್. ತೋಷಿಬಾ ಕಂಪನಿ ತಯಾರಿಸಿದ್ದ 1.8 ಇಂಚಿನ ಹಾರ್ಡ್‌ಡಿಸ್ಕ್ ಅನ್ನು ಆಪಲ್‌ನ ಜಾನ್ ರೂಬಿನ್‌ಸ್ಟೈನ್ ಜಪಾನಿನಲ್ಲಿ ಕಂಡರು. ಅದನ್ನು ಯಾವುದಕ್ಕೆ ಬಳಸುವುದೆಂದು ತೋಷಿಬಾದವರಿಗೇ ಸ್ಪಷ್ಟವಿರಲಿಲ್ಲ. ಅಕ್ಟೋಬರ್ 23ರಂದು 5 ಗಿಗಾಬೈಟಿನ ಐಪಾಡ್ 399 ಡಾಲರಿಗೆ ಪ್ರಕಟವಾಯಿತು. ಅದರ ಮಿದುಳು ಪೋರ್ಟಲ್‌ಪ್ಲೇಯರ್ ಕಂಪನಿಯದ್ದು. ಆ ಕಂಪನಿಯ ಎಂಜಿನಿಯರುಗಳ ಒಂದು ದೊಡ್ಡ ಗುಂಪು ಕೆಲಸ ಮಾಡುತ್ತಿದ್ದದ್ದು ನಮ್ಮ ನೆರೆಯ ಹೈದರಾಬಾದಿನಲ್ಲಿ. ಅಂಕಿಗಳನ್ನು ಮತ್ತೆ ನಾದವಾಗಿಸುವ ಚಿಪ್, ಅಂದರೆ ಡ್ಯಾಕ್, ಸ್ಕಾಟ್ಲೆಂಡಿನ ಎಡಿನ್‌ಬರೋದ ವುಲ್ಫ್‌ಸನ್ ಕಂಪನಿಯದ್ದು.

ಕೆಲವರಷ್ಟೇ ಬಲ್ಲದ್ದು ಫ್ಲ್ಯಾಕ್. ಅಮೆರಿಕದ ಜಾಶ್ ಕೋಲ್ಸನ್ 2001ರ ಜುಲೈ 20ರಂದು ಅದರ ಮೊದಲ ಪೂರ್ಣ ಆವೃತ್ತಿಯನ್ನು ಉಚಿತವಾಗಿ ಹೊರಬಿಟ್ಟರು. ಎಂಪಿ3 ಸಣ್ಣದನ್ನು ಚೆಲ್ಲಿದರೆ ಫ್ಲ್ಯಾಕ್ ಏನನ್ನೂ ಚೆಲ್ಲುವುದಿಲ್ಲ. ಮುಂದಿನ ಅಳತೆ ಎಷ್ಟಿರಬಹುದೆಂದು ಹಿಂದಿನವುಗಳಿಂದ ಊಹಿಸಿ, ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆದಿಡುತ್ತದೆ. ಬಿಚ್ಚಿದಾಗ ಸಿ.ಡಿ.ಯಲ್ಲಿದ್ದ ಒಂದೊಂದು ಬಿಟ್ಟೂ ಮರಳಿ ಸಿಗುತ್ತದೆ. ಫೈಲು ಮೂಲದ ಅರ್ಧಕ್ಕೋ ಮುಕ್ಕಾಲಿಗೋ ಇಳಿಯುತ್ತದೆ. ಸಾವಿರ ಹಾಡಿನ ಐಪಾಡಿನಲ್ಲಿ ಈ ಲೆಕ್ಕದ ಹಾಡುಗಳು ಹಿಡಿಯುತ್ತಿದ್ದದ್ದು ಇನ್ನೂರರಷ್ಟೇ, ಅದೂ ಐಪಾಡ್ ಫ್ಲ್ಯಾಕನ್ನು ಓದುವಂತಿದ್ದರೆ. ಅದು ಓದುತ್ತಿರಲಿಲ್ಲ. ಸ್ವೀಡನ್ನಿನ ಕೆಲವು ಪ್ರೋಗ್ರಾಮರುಗಳು ಅದೇ ವರ್ಷ ಬೇರೊಂದು ಕಂಪನಿಯ ಪ್ಲೇಯರಿಗೆಂದು ಬರೆಯಲು ಆರಂಭಿಸಿದ ‘ರಾಕ್‌ಬಾಕ್ಸ್’ ಎಂಬ ಮುಕ್ತ ತಂತ್ರಾಂಶ ಮುಂದೆ ಐಪಾಡಿಗೂ ಬಂತು. ಕಂಪನಿಗಳು ಮುಚ್ಚಿಟ್ಟ ಬಾಗಿಲನ್ನು ಹೀಗೆ ಹವ್ಯಾಸಿಗಳೇ ತೆರೆದುಕೊಂಡರು. ಇವತ್ತಿಗೂ ಹಳೆಯ ಐಪಾಡ್ ಬಿಚ್ಚಿ, ಹಾರ್ಡ್‌ಡಿಸ್ಕ್ ತೆಗೆದು ಮೆಮೊರಿ ಕಾರ್ಡು ಕೂರಿಸಿ, ರಾಕ್‌ಬಾಕ್ಸ್ ಹಾಕಿ ಕೇಳುವವರಿದ್ದಾರೆ.

ಮುಂದಿನ ಹತ್ತು ವರ್ಷದಲ್ಲಿ ಮೆಮೊರಿ ಅಗ್ಗವಾಯಿತು. ನಾದವನ್ನು ಸೋಸಲು ಇದ್ದ ಮುಖ್ಯ ಕಾರಣ ಇಲ್ಲವಾಯಿತು. ರೂಢಿ ಮಾತ್ರ ಉಳಿಯಿತು. ಫೋನು ಎಲ್ಲವನ್ನೂ ನುಂಗುತ್ತಿದ್ದ ಹೊತ್ತಿನಲ್ಲಿ, 2012ರ ಅಕ್ಟೋಬರಿನಲ್ಲಿ, ಕೊರಿಯಾದ ಐರಿವರ್ ಕಂಪನಿ ‘ಆಸ್ಟೆಲ್ ಅಂಡ್ ಕರ್ನ್’ ಹೆಸರಿನಲ್ಲಿ ಎಕೆ100 ತಂದಿತು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಲೋಹದ ಡಬ್ಬಿ, ಪಕ್ಕದಲ್ಲೊಂದು ತಿರುಗಿಸುವ ಗುಂಡಿ, 24 ಬಿಟ್‌ನ ಸ್ಟುಡಿಯೋ ಫೈಲುಗಳನ್ನು ಓದುವ ಶಕ್ತಿ, ಬೆಲೆ 699 ಡಾಲರ್. ಡ್ಯಾಕ್ ಅದೇ ಎಡಿನ್‌ಬರೋದ ವುಲ್ಫ್‌ಸನ್. ಮರುವರ್ಷ ಚೀನಾದ ಗುವಾಂಗ್ಝೌ ನಗರದ ಫಿಯೋ ಕಂಪನಿ ಅಂಥದೇ ವುಲ್ಫ್‌ಸನ್ ಚಿಪ್ ಇಟ್ಟು ಎಕ್ಸ್3 ಎಂಬ ಪ್ಲೇಯರನ್ನು 200 ಡಾಲರಿನ ಆಸುಪಾಸಿನಲ್ಲಿ ಕೊಟ್ಟಿತು. ಶ್ರೀಮಂತರ ಹವ್ಯಾಸ ವಿದ್ಯಾರ್ಥಿಗಳ ಕೈಗೂ ಎಟುಕಿದ್ದು ಹೀಗೆ.

ಎಕೆ100ರಲ್ಲಿ ಒಂದು ಕೊರತೆಯಿತ್ತು. ಅದರ ಔಟ್‌ಪುಟ್ ಇಂಪೀಡನ್ಸ್, ಅಂದರೆ ಹೊರದಾರಿಯ ವಿದ್ಯುತ್ ಪ್ರತಿರೋಧ, 22 ಓಮ್. ಕಿವಿಯೊಳಗೆ ಕೂರುವ ಹಲವು ಡ್ರೈವರುಗಳ, ಅಂದರೆ ಪುಟ್ಟ ಸ್ಪೀಕರುಗಳ, ಇಯರ್‌ಫೋನಿನ ಪ್ರತಿರೋಧ ಮಂದ್ರಕ್ಕೊಂದು, ತಾರಕ್ಕೊಂದು ಇರುತ್ತದೆ. ಪ್ಲೇಯರಿನ ಓಮ್ ಹೆಚ್ಚಿದಷ್ಟೂ ಆ ಏರುಪೇರು ನಾದದ ಬಣ್ಣವನ್ನೇ ಬದಲಿಸುತ್ತದೆ. ಬಳಕೆದಾರರು ದನಿಯೆತ್ತಿದರು, ಮುಂದಿನ ಆವೃತ್ತಿಯಲ್ಲಿ ಅದು 3 ಓಮ್‌ಗೆ ಇಳಿಯಿತು. ಒಳ್ಳೆಯ ಪ್ಲೇಯರ್ ಎಂದರೆ ದುಬಾರಿ ಡ್ಯಾಕ್ ಎಂದಷ್ಟೇ ತಿಳಿದವರು ಗಮನಿಸಬೇಕಾದ ವಿಷಯವಿದು. ಇಯರ್‌ಫೋನನ್ನು ಅಳುಕದೆ ನಡೆಸುವ ಆಂಪ್ಲಿಫೈಯರ್, ಶುದ್ಧ ವಿದ್ಯುತ್, ಹಿನ್ನೆಲೆಯ ಮೌನ ಇವೆಲ್ಲ ಸೇರಿದಾಗಲೇ ಡ್ಯಾಕ್‌ಗೆ ಬೆಲೆ.

ಆಮೇಲೆ ಬಿಟ್ಟು, ಅಳತೆಗಳ ಅಂಕಿ ಏರಿಸುವ ಪೈಪೋಟಿ ಶುರುವಾಯಿತು. ಗಾಯಕ ನೀಲ್ ಯಂಗ್ 2014ರಲ್ಲಿ ಕಿಕ್‌ಸ್ಟಾರ್ಟರ್ ಜಾಲತಾಣದ ಮೂಲಕ ಜನರಿಂದ 62 ಲಕ್ಷ ಡಾಲರ್ ಸಂಗ್ರಹಿಸಿ, ತ್ರಿಕೋನಾಕಾರದ ‘ಪೋನೋ’ ಪ್ಲೇಯರ್ ತಂದರು. ಮೂರು ವರ್ಷದಲ್ಲಿ ಅದು ನಿಂತುಹೋಯಿತು. ಸೋನಿ 2016ರಲ್ಲಿ ಚಿನ್ನದ ಲೇಪವಿರುವ ತಾಮ್ರದ ವಾಕ್‌ಮನ್ ತಯಾರಿಸಿತು. ಅದರ ತೂಕ 455 ಗ್ರಾಂ, 1979ರ ಮೊದಲ ವಾಕ್‌ಮನ್‌ಗಿಂತಲೂ ಹೆಚ್ಚು.

ಇಷ್ಟೆಲ್ಲ ಅಂಕಿ ಕಿವಿಗೆ ತಿಳಿಯುತ್ತದೆಯೇ? ಇ. ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಉನ್ನತ ದರ್ಜೆಯ ಧ್ವನಿಮುದ್ರಿಕೆಗಳನ್ನು ನೇರವಾಗಿಯೂ, ಸಿ.ಡಿ. ಮಟ್ಟಕ್ಕೆ ಇಳಿಸಿಯೂ ಗುಟ್ಟಾಗಿ ಕೇಳಿಸಿದರು. 554 ಬಾರಿಯಲ್ಲಿ 276 ಉತ್ತರ ಸರಿ, ಅಂದರೆ ನಾಣ್ಯ ಚಿಮ್ಮಿದಷ್ಟೇ. 2016ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೈಸ್ 18 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರ ಶೇ. 52.3ರಷ್ಟಿತ್ತು. ವ್ಯತ್ಯಾಸ ಇದೆ, ಆದರೆ ಕೂದಲೆಳೆಯಷ್ಟು. ಮೇಯರ್ ಮತ್ತು ಮೊರಾನ್ ಹೇಳಿದ ಇನ್ನೊಂದು ಮಾತು ಹೆಚ್ಚು ಮುಖ್ಯ: ಆ ಉನ್ನತ ದರ್ಜೆಯ ಡಿಸ್ಕುಗಳು ಸಾಮಾನ್ಯ ಸಿ.ಡಿ.ಗಳಿಗಿಂತ ಚೆನ್ನಾಗಿ ಕೇಳುತ್ತಿದ್ದದ್ದು ನಿಜ, ಕಾರಣ ಅವುಗಳನ್ನು ಸಿದ್ಧಪಡಿಸಿದವರ ಶ್ರದ್ಧೆ. ಡ್ಯಾಪ್ ಕೊಳ್ಳುವವರು 24 ಬಿಟ್‌ಗಾಗಿ ತಲೆಕೆಡಿಸಿಕೊಳ್ಳುವ ಬದಲು ಒಳ್ಳೆಯ ಇಯರ್‌ಫೋನಿಗೂ, ಕಾಳಜಿಯಿಂದ ಮುದ್ರಿಸಿದ ಆಲ್ಬಮ್ಮಿಗೂ ಹಣ ಹಾಕುವುದು ಜಾಣತನ.

ಈ ಲೋಕ ಎಷ್ಟು ಸೂಕ್ಷ್ಮ ಎಳೆಯಲ್ಲಿ ನೇತಾಡುತ್ತಿದೆ ಎಂಬುದು 2020ರ ಅಕ್ಟೋಬರಿನಲ್ಲಿ ಗೊತ್ತಾಯಿತು. ಜಪಾನಿನ ನೊಬೆಯೋಕಾದಲ್ಲಿ ಅಸಾಹಿ ಕಾಸೆಯ್ ಕಂಪನಿಯ ಚಿಪ್ ಕಾರ್ಖಾನೆಗೆ ಬೆಂಕಿ ಬಿದ್ದು ಮೂರು ದಿನ ಉರಿಯಿತು. ಪ್ರಪಂಚದ ಎಷ್ಟೋ ಪ್ಲೇಯರುಗಳ ಡ್ಯಾಕ್ ಅಲ್ಲಿಂದಲೇ ಬರುತ್ತಿತ್ತು. ಹಲವು ಕಂಪನಿಗಳು ಬೇರೆ ಚಿಪ್ಪಿಗೆ ಸರ್ಕ್ಯೂಟನ್ನೇ ಹೊಸದಾಗಿ ಬರೆಯಬೇಕಾಯಿತು. ಕೆಲವರು ಚಿಪ್ಪಿನ ಹಂಗನ್ನೇ ಬಿಟ್ಟು, ಬಿಡಿ ರೆಸಿಸ್ಟರುಗಳನ್ನು ಏಣಿಯಂತೆ ಜೋಡಿಸುವ ಹಳೆಯ ವಿಧಾನದತ್ತ ಹೊರಳಿದರು.

ಈಗ ಆನ್‌ಲೈನಿನಲ್ಲೇ ಲಾಸ್‌ಲೆಸ್, ಅಂದರೆ ಏನನ್ನೂ ಚೆಲ್ಲದ, ಸಂಗೀತ ಸಿಗುತ್ತದೆ. ಆಪಲ್ ಮ್ಯೂಸಿಕ್ 2021ರಿಂದ ಹೆಚ್ಚಿನ ಶುಲ್ಕವಿಲ್ಲದೆ ಕೊಡುತ್ತಿದೆ. ಆದರೂ 2023ರಲ್ಲಿ ಸೋನಿ ಭಾರತದಲ್ಲಿ 69,990 ರೂಪಾಯಿಯ ವಾಕ್‌ಮನ್ ಬಿಡುಗಡೆ ಮಾಡಿತೆಂದರೆ ಕೊಳ್ಳುವವರಿದ್ದಾರೆ ಎಂದೇ ಅರ್ಥ. ಅವರಿಗೆ ಬೇಕಾದದ್ದು ನಾದದ ಗುಣಮಟ್ಟವೊಂದೇ ಅಲ್ಲ, ಒಡೆತನವೂ ಹೌದು. ಮಲ್ಲಿಕಾರ್ಜುನ ಮನ್ಸೂರರ ಸಿ.ಡಿ.ಯನ್ನು ರಿಪ್ ಮಾಡಿ ಕಾರ್ಡಿಗೆ ಹಾಕಿಕೊಂಡವರಿಂದ ಅದನ್ನು ಯಾವ ಕಂಪನಿಯೂ ಹಕ್ಕಿನ ನೆಪದಲ್ಲಿ ಹಿಂತೆಗೆದುಕೊಳ್ಳಲಾರದು. ಸಿ.ಡಿ. ರೂಪ ಕಾಣದೇ ಉಳಿದ ಭಾವಗೀತೆಯ ಕ್ಯಾಸೆಟ್ಟುಗಳನ್ನು ಮನೆಯಲ್ಲೇ ಡಿಜಿಟಲ್‌ಗೆ ಇಳಿಸುವವರಿಗೂ ಇದೇ ಯಂತ್ರ ಆಸರೆ. ಕ್ಯಾಸೆಟ್ಟಿನ ದೊಡ್ಡ ಸದ್ದಿಗೂ ಅದರ ಸುಯ್ಯೆನ್ನುವ ಹಿನ್ನೆಲೆಗೂ ನಡುವೆ ಇರುವುದು ಐವತ್ತು ಚಿಲ್ಲರೆ ಡೆಸಿಬೆಲ್. 16 ಬಿಟ್‌ನ ಫ್ಲ್ಯಾಕ್ 96 ಡೆಸಿಬೆಲ್ ಹಿಡಿಯುತ್ತದೆ. ಟೇಪಿನಲ್ಲಿ ಉಳಿದಿರುವುದೆಲ್ಲ ಅದರಲ್ಲಿ ಧಾರಾಳವಾಗಿ ಕೂರುತ್ತದೆ. ಉಗುರಿನಷ್ಟಗಲದ ಒಂದು ಟೆರಾಬೈಟ್ ಕಾರ್ಡಿನಲ್ಲಿ ಇಂಥ ಸುಮಾರು ನಲವತ್ತು ಸಾವಿರ ಹಾಡು ಹಿಡಿಯುತ್ತವೆ.

ಫಿಯೋ ಕಂಪನಿಯೇ 2025ರಲ್ಲಿ ‘ಸ್ನೋಸ್ಕೈ ಎಕೋ ಮಿನಿ’ ಎಂಬ ಅಗ್ಗದ ಪ್ಲೇಯರನ್ನು ಮಾರತೊಡಗಿತು. ಫ್ಲ್ಯಾಕ್ ಓದುತ್ತದೆ, ಒಳಗಿನ ಮೆಮೊರಿ 8 ಗಿಗಾಬೈಟ್, ಎಂಪಿಮ್ಯಾನ್‌ಗಿಂತ 256 ಪಟ್ಟು. ನೋಡಲು ಮಾತ್ರ ಹಳೆಯ ಕ್ಯಾಸೆಟ್ ಪ್ಲೇಯರಿನ ಮರಿ. ಹಾಡು ಹಚ್ಚಿದರೆ ಪುಟ್ಟ ಪರದೆಯಲ್ಲಿ ಕ್ಯಾಸೆಟ್ಟಿನ ಚಿತ್ರ ಮೂಡಿ ಚಕ್ರಗಳು ತಿರುಗುತ್ತವೆ. ಮೊದಲ ವಾಕ್‌ಮನ್‌ನ ಹಾಗೆ ಇದಕ್ಕೂ ಎರಡು ಹೆಡ್‌ಫೋನ್ ತೂತುಗಳಿವೆ. ಅಂದು ಸೋನಿಯ ಇನ್ನೊಬ್ಬ ಸಹಸ್ಥಾಪಕ ಅಕಿಯೋ ಮೊರಿಟಾ ಎರಡನೆಯದನ್ನು ಹಟ ಹಿಡಿದು ಇಡಿಸಿದ್ದು ಇಬ್ಬರು ಒಟ್ಟಿಗೆ ಕೇಳಲೆಂದು. ಇಂದಿನ ಎರಡನೆಯ ತೂತು 4.4 ಮಿಲಿಮೀಟರಿನದು, ಒಬ್ಬರದೇ ಎಡಗಿವಿಗೂ ಬಲಗಿವಿಗೂ ಬೇರೆ ಬೇರೆ ತಂತಿಯಲ್ಲಿ ನಾದ ಒಯ್ಯಲು.