ಮಣ್ಣಿನೊಳಗಿನ ಕೊಡುಕೊಳೆ: ಬೇರು ಮತ್ತು ಬ್ಯಾಕ್ಟೀರಿಯಾ

ಮುಂಬಯಿಯಲ್ಲಿರಲಿ, ದೆಹಲಿಯಲ್ಲಿರಲಿ, ಕನ್ನಡಿಗರ ಮನೆಯ ಹುಳಿ, ಸಾರು, ಕೋಸಂಬರಿಗಳಿಗೆ ಬೇಳೆಕಾಳುಗಳೇ ಆಧಾರ. ಈ ಕಾಳುಗಳಲ್ಲಿ ಪ್ರೋಟೀನ್ ಹೇರಳವಾಗಿದೆ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಪ್ರೋಟೀನ್ ರೂಪುಗೊಳ್ಳಲು ಸಾರಜನಕ ಬೇಕು. ಅದರ ಗಣನೀಯ ಭಾಗವನ್ನು ಗಿಡಕ್ಕೆ ಒದಗಿಸುವುದು ಬೇರಿನಲ್ಲಿ ಮನೆಮಾಡಿಕೊಂಡ, ಬರಿಗಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು.

ನಾವು ಉಸಿರಾಡುವ ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವೇ ಇದೆ. ಆದರೆ ಅದರ ಎರಡು ಪರಮಾಣುಗಳ ಬಂಧ ಬಹಳ ಬಿಗಿಯಾದುದರಿಂದ ಯಾವ ಗಿಡವೂ ಅದನ್ನು ನೇರವಾಗಿ ಬಳಸಿಕೊಳ್ಳಲಾರದು. ದ್ವಿದಳ ಧಾನ್ಯದ ಗಿಡಗಳು ಬೇರುಗಂಟುಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಪಡೆಯುತ್ತವೆ ಎಂಬುದನ್ನು ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್ಫಾರ್ಥ್ 1888ರಲ್ಲಿ ವಿವರವಾಗಿ ತೋರಿಸಿಕೊಟ್ಟರು. ಅದೇ ವರ್ಷ ಹಾಲೆಂಡಿನ ಬೈಯರಿಂಕ್ ಆ ಗಂಟುಗಳಿಂದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು. ಇವೇ ಇಂದು ನಾವು ರೈಜೋಬಿಯಂ ಎನ್ನುವ ಗುಂಪಿನವು.

ಈ ಸಂಬಂಧಕ್ಕೆ ಮೊದಲ ಕರೆ ಬೇರಿನಿಂದಲೇ ಹೊರಡುತ್ತದೆ. ಸಾರಜನಕದ ಕೊರತೆಯುಂಟಾದಾಗ ಬೇರು ಫ್ಲೇವನಾಯ್ಡ್ ಎಂಬ ರಾಸಾಯನಿಕಗಳನ್ನು ಮಣ್ಣಿಗೆ ಸ್ರವಿಸುತ್ತದೆ. ಅದನ್ನು ಗುರುತಿಸಿದ ಬ್ಯಾಕ್ಟೀರಿಯಾ ತನ್ನದೇ ಆದ ಮರುಸಂಕೇತವನ್ನು ಕಳುಹಿಸುತ್ತದೆ. ಎರಡೂ ಹೊಂದಿಕೆಯಾದರೆ ಮಾತ್ರ ಬೇರುರೋಮ ಬಾಗಿ ಸುರುಳಿಯಾಗಿ ಅತಿಥಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಕ್ರಮೇಣ ಅಲ್ಲೊಂದು ಗಂಟು ಬೆಳೆಯುತ್ತದೆ. ಕಡಲೆಗೆ ಒಗ್ಗುವ ಬ್ಯಾಕ್ಟೀರಿಯಾ ತೊಗರಿಗೆ ಒಗ್ಗದಿರುವುದಕ್ಕೆ ಈ ಹೊಂದಾಣಿಕೆಯೇ ಮುಖ್ಯ ಕಾರಣ.

ಗಂಟಿನೊಳಗೆ ನಡೆಯುವುದು ಅಚ್ಚುಕಟ್ಟಾದ ಕೊಡುಕೊಳೆ. ಎಲೆಗಳು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆಯಿಂದ ಗಿಡವು ಬ್ಯಾಕ್ಟೀರಿಯಾಗಳಿಗೆ ಆಹಾರ ಕೊಡುತ್ತದೆ. ಅವು ಪ್ರತಿಯಾಗಿ ಸಾರಜನಕವನ್ನು ಅಮೋನಿಯವಾಗಿ ಪರಿವರ್ತಿಸಿ ಗಿಡಕ್ಕೆ ನೀಡುತ್ತವೆ. ಈ ಕೆಲಸ ಮಾಡುವ ಕಿಣ್ವಕ್ಕೆ ಆಮ್ಲಜನಕ ಮಾರಕ. ಆದುದರಿಂದ ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಬಂಧುವೇ ಆದ ಲೆಗ್‌ಹಿಮೋಗ್ಲೋಬಿನ್ ಗಂಟಿನಲ್ಲಿದ್ದು ಆಮ್ಲಜನಕವನ್ನು ಹಿಡಿತದಲ್ಲಿಡುತ್ತದೆ. ಆರೋಗ್ಯವಂತ ಗಂಟಿನ ಒಳಭಾಗ ನಸುಗೆಂಪಾಗಿರುವುದು ಇದರಿಂದಲೇ.

ಸಕ್ಕರೆಯನ್ನು ವೆಚ್ಚ ಮಾಡುವ ಗಿಡ ಲೆಕ್ಕವನ್ನೂ ಇಡುತ್ತದೆ. ಅಗತ್ಯಕ್ಕಿಂತ ಹೆಚ್ಚು ಗಂಟುಗಳು ಮೂಡದಂತೆ ಅದು ತಡೆಯುತ್ತದೆ. ಸೋಯಾ ಅವರೆಯ ಮೇಲೆ ಟೋಬಿ ಕಿಯರ್ಸ್ ಮತ್ತು ಸಂಗಡಿಗರು ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಾರಜನಕ ಕೊಡಲಾಗದ ಗಂಟುಗಳಲ್ಲಿ ಬ್ಯಾಕ್ಟೀರಿಯಾಗಳ ವೃದ್ಧಿ ಕುಂಠಿತವಾದುದು ಕಂಡುಬಂತು. ಮಣ್ಣಿಗೆ ಯೂರಿಯಾ ಧಾರಾಳವಾಗಿ ಸುರಿದರೆ ಗಿಡಕ್ಕೆ ಈ ಜೊತೆಗಾರರ ಅವಶ್ಯಕತೆಯೇ ಇಲ್ಲದಂತಾಗಿ, ಗಂಟು ಕಟ್ಟುವಿಕೆ ಕುಗ್ಗುತ್ತದೆ. ಪುಕ್ಕಟೆಯಾಗಿ ದೊರೆಯುತ್ತಿದ್ದುದನ್ನು ದುಡ್ಡು ಕೊಟ್ಟು ಕೊಳ್ಳುವ ಸ್ಥಿತಿ ಒದಗುವುದು ಹೀಗೆ.

ದ್ವಿದಳ ಧಾನ್ಯಗಳಲ್ಲದೆ ಇತರ ಸಸ್ಯಗಳ ಬೇರಿನ ಸುತ್ತಲೂ ಇಂತಹ ಒಡನಾಟವಿದೆ. ಬೇರಿನ ಪ್ರಭಾವಕ್ಕೊಳಗಾದ ಮಣ್ಣಿನ ಆ ತೆಳು ಪದರಕ್ಕೆ 1904ರಲ್ಲಿ ಜರ್ಮನಿಯ ಲೊರೆಂಜ್ ಹಿಲ್ಟ್ನರ್ ‘ರೈಜೋಸ್ಫಿಯರ್’ ಎಂದು ಹೆಸರಿಟ್ಟರು. ಜೋಳದಂತಹ ಏಕದಳ ಧಾನ್ಯಗಳ ಬೇರಿನ ಬಳಿ ವಾಸಿಸುವ ಅಜೋಸ್ಪಿರಿಲಂ ಬೆಳವಣಿಗೆಯ ಹಾರ್ಮೋನನ್ನು ಉತ್ಪಾದಿಸುತ್ತದೆ. ಅದರಿಂದ ಬೇರು ಹೆಚ್ಚು ಕವಲೊಡೆಯುತ್ತದೆ, ಕವಲೊಡೆದ ಬೇರು ಬ್ಯಾಕ್ಟೀರಿಯಾಗಳಿಗೆ ಇನ್ನಷ್ಟು ಆಹಾರವನ್ನು ಸ್ರವಿಸುತ್ತದೆ.

ಹಳೆಯ ಮೈಸೂರು ಭಾಗದ ರೈತರು ರಾಗಿಯ ಹೊಲದಲ್ಲಿ ಅವರೆ, ತೊಗರಿ, ಅಲಸಂದೆಗಳನ್ನು ಅಕ್ಕಡಿ ಸಾಲಾಗಿ ಬಿತ್ತುತ್ತಾ ಬಂದಿದ್ದಾರೆ. ಅವುಗಳ ಉದುರಿದ ಎಲೆ, ಕೊಳೆತ ಬೇರುಗಳಿಂದ ಸಾರಜನಕ ಮಣ್ಣಿಗೆ ಸೇರಿ ಮುಂದಿನ ಬೆಳೆಗೆ ಒದಗುತ್ತದೆ. ಬ್ಯಾಕ್ಟೀರಿಯಾದ ಹೆಸರು ತಿಳಿಯದಿದ್ದರೂ ಅದರ ಉಪಕಾರ ನಮ್ಮ ಹಿರಿಯರ ಅನುಭವಕ್ಕೆ ಬಂದಿತ್ತು.

ಬಹುಮಹಡಿ ಕಟ್ಟಡಗಳಲ್ಲಿ ನೆಲೆಸಿರುವ ನಾವೂ ಇದನ್ನು ಮಕ್ಕಳಿಗೆ ತೋರಿಸಬಹುದು. ಬಾಲ್ಕನಿಯ ಕುಂಡಕ್ಕೆ ಹೊಲದ ಅಥವಾ ತೋಟದ ಮಣ್ಣು ತುಂಬಿ ಕೆಲವು ಅಲಸಂದೆ ಕಾಳುಗಳನ್ನು ಬಿತ್ತಿರಿ; ಯೂರಿಯಾ ಹಾಕಬೇಡಿ. ಸುಮಾರು ಆರು ವಾರಗಳ ಬಳಿಕ ಒಂದು ಗಿಡವನ್ನು ಮೆಲ್ಲನೆ ಕಿತ್ತು ಬೇರನ್ನು ತೊಳೆದು, ಗಂಟು ಕಂಡರೆ ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಬಣ್ಣವಿದ್ದರೆ ಕೊಡುಕೊಳೆ ನಡೆದಿದೆ ಎಂದರ್ಥ. ಉಳಿದ ಗಿಡಗಳು ಕಾಯಿ ಬಿಟ್ಟಾಗ, ಆ ಕಾಳಿನ ಸಾರಿನಲ್ಲಿ ಯಾರ ದುಡಿಮೆ ಅಡಗಿದೆಯೆಂದು ಮಕ್ಕಳಿಗೆ ಬಿಡಿಸಿ ಹೇಳುವ ಅಗತ್ಯ ಬೀಳಲಾರದು.