ಹಳೆಯ ಫಟಫಟಿಗೆ ಹೊಸ ಹೊಗೆಕೊಳವೆ

ಯಂತ್ರಕ್ಕೂ ಉಸಿರಾಟವುಂಟು. ಗಾಳಿಯನ್ನು ಒಳಗೆಳೆದುಕೊಂಡು ಹೊಗೆಯನ್ನು ಹೊರದೂಡಿದರೇನೇ ಅದು ನಡೆಯುವುದು. ಐನಾಪುರ, ಕಾಗವಾಡ, ಅಥಣಿಗಳ ಕಡೆಯ ಹಿರಿಯರು ಮೋಟಾರ್ ಸೈಕಲ್ಲನ್ನು ‘ಫಟಫಟಿ’ ಎಂದು ಕರೆಯುವುದು ಈ ಉಸಿರಿನ ಸಪ್ಪಳವನ್ನು ಕೇಳಿಯೇ. ಹಳೆಯ ಫಟಫಟಿಯ ಸೈಲೆನ್ಸರು ತುಕ್ಕು ತಿಂದಾಗ, ಅದರ ಮೂಲ ಹೊದಿಕೆಗಳಿಗೆ ಕೇಡು ಬಾರದಂತೆ ಹೊಸದನ್ನು ಕೂಡಿಸುವ ಬಗೆಯನ್ನು ಈ ಲೇಖನದಲ್ಲಿ ವಿವರಿಸಿದೆ.

ಉದಾಹರಣೆಗೆ ನಮ್ಮ ನಾಡಿನದೇ ಆದ ಜಾವಾ ಗಾಡಿಯನ್ನು ತೆಗೆದುಕೊಳ್ಳೋಣ. ಮೂಲತಃ ಚೆಕೊಸ್ಲೊವಾಕಿಯಾದ ಈ ಗಾಡಿಯನ್ನು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ೧೯೬೧ ರಿಂದ ತಯಾರಿಸತೊಡಗಿತು. ಮುಂದೆ ಅದೇ ಗಾಡಿ ಯೆಜ್ಡಿ ಎಂಬ ಹೆಸರು ಪಡೆಯಿತು. ೧೯೯೬ ರಲ್ಲಿ ಕಾರ್ಖಾನೆ ಮುಚ್ಚಿತು. ಇತ್ತೀಚೆಗೆ ಅದೇ ಹೆಸರುಗಳಲ್ಲಿ ಬರುತ್ತಿರುವ ಗಾಡಿಗಳ ಇಂಜಿನು ಬೇರೆ ಜಾತಿಯದು. ಹಳೆಯ ಜಾವಾದ ಚೈನಿಗೆ ಪೂರ್ಣ ಮುಚ್ಚಿಗೆ, ಕಾರ್ಬ್ಯುರೇಟರಿಗೆ ತಗಡಿನ ಹೊದಿಕೆ, ಎರಡೂ ಪಕ್ಕಗಳಲ್ಲಿ ದುಂಡಗಿನ ಪೆಟ್ಟಿಗೆಗಳು ಇವೆ. ಸಿಲಿಂಡರು ಒಂದೇ ಆದರೂ ಹೊಗೆಕೊಳವೆಗಳು ಎರಡು. ಅವು ಈ ಹೊದಿಕೆಗಳ ಕೆಳಗೆ ಎಡಬಲಕ್ಕೆ ಸಾಗುತ್ತವೆ. ದಪ್ಪನಾದ ಅಥವಾ ಮೇಲಕ್ಕೆ ಬಾಗಿದ ಹೊಸ ಕೊಳವೆಯನ್ನು ತಂದವರು ಅದು ಕೂಡದಿದ್ದಾಗ ಹೊದಿಕೆಯನ್ನೇ ಕತ್ತರಿಸುವುದುಂಟು. ಕೊಳವೆ ಪೇಟೆಯಲ್ಲಿ ಮತ್ತೆ ಸಿಕ್ಕೀತು. ಕತ್ತರಿಸಿದ ಮೂಲ ತಗಡು ಮತ್ತೆ ಸಿಗುವುದು ದುರ್ಲಭ.

ಸೈಲೆನ್ಸರಿನ ಕೆಲಸ ಸದ್ದಡಗಿಸುವುದಷ್ಟೇ ಅಲ್ಲ. ಜಾವಾದ್ದು ಎರಡು ಹೊಡೆತದ ಇಂಜಿನು. ಅದರಲ್ಲಿ ಹೊಗೆಯ ಬಾಗಿಲು ತೆರೆದಿರುವಾಗಲೇ ಹೊಸ ಮಿಶ್ರಣ ಒಳಬರುವುದರಿಂದ ಸ್ವಲ್ಪ ಪೆಟ್ರೋಲು ಉರಿಯದೆ ಹೊರಗೆ ಹೋಗಿಬಿಡುತ್ತದೆ. ಕೊಳವೆಯ ತುದಿ ಕಿರಿದಾಗಿದ್ದರೆ ಒತ್ತಡದ ಅಲೆ ಅಲ್ಲಿಗೆ ಬಡಿದು ಹಿಂದಿರುಗಿ, ಹೊರಟ ಮಿಶ್ರಣವನ್ನು ಒಳಕ್ಕೆ ನೂಕುತ್ತದೆ. ೧೯೫೦ ರ ದಶಕದಲ್ಲಿ ಪೂರ್ವ ಜರ್ಮನಿಯ ಎಂ.ಝಡ್. ಕಾರ್ಖಾನೆಯ ಇಂಜಿನಿಯರ್ ವಾಲ್ಟರ್ ಕಾಡೆನ್ ಈ ತತ್ತ್ವವನ್ನು ಪಂದ್ಯದ ಗಾಡಿಗಳಲ್ಲಿ ಬಳಸಿ ಹೆಸರಾದನು. ಒಂದು ಲೆಕ್ಕ ನೋಡೋಣ. ನಿಮಿಷಕ್ಕೆ ೫೦೦೦ ಸುತ್ತು ತಿರುಗುವ ಇಂಜಿನಿಗೆ ಒಂದು ಸುತ್ತಿಗೆ ಬೇಕಾದ ಕಾಲ ಸೆಕೆಂಡಿನ ಸಾವಿರದ ೧೨ ಭಾಗ. ಹೊಗೆಯ ಬಾಗಿಲು ೧೬೦ ಅಂಶಗಳಷ್ಟು ತೆರೆದಿರುತ್ತದೆಂದು ಭಾವಿಸಿದರೆ ಆ ಅವಧಿ ಸುಮಾರು ೫.೩ ಭಾಗ. ಬಿಸಿ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ೫೦೦ ಮೀಟರೆಂದು ಹಿಡಿದರೆ, ಅಷ್ಟರಲ್ಲಿ ಅದು ಹೋಗಿ ಬರಬಲ್ಲ ದೂರ ಸುಮಾರು ೨.೭ ಮೀಟರು. ಎಂದರೆ ಕೊಳವೆ ಗೇಣುದ್ದ ಹೆಚ್ಚಿದರೂ ತಗ್ಗಿದರೂ ಅಲೆ ತಿರುಗಿಬರುವ ವೇಳೆ ತಪ್ಪುತ್ತದೆ. ಸಾಮಾನ್ಯ ಗಾಡಿಯ ಸೈಲೆನ್ಸರು ಪಂದ್ಯದ ಕೊಳವೆಯಷ್ಟು ಸೂಕ್ಷ್ಮವಲ್ಲದಿದ್ದರೂ ನಿಯಮ ಒಂದೇ. ಆದ್ದರಿಂದ ಹೊಸ ಕೊಳವೆಯನ್ನು ಆರಿಸುವಾಗ ಹಳೆಯದರ ಉದ್ದವನ್ನೂ ದಪ್ಪವನ್ನೂ ಮೊದಲು ಅಳೆದಿಟ್ಟುಕೊಳ್ಳಬೇಕು.

ಕೊಳ್ಳುವ ಮೊದಲು ಹಳೆಯದನ್ನು ಪರೀಕ್ಷಿಸುವುದೂ ಒಳ್ಳೆಯದು. ಪೆಟ್ರೋಲಿನೊಡನೆ ಬೆರೆತ ಎಣ್ಣೆಯ ಮಸಿ ಒಳಗೆ ಕಟ್ಟಿಕೊಂಡರೆ ಗಾಡಿ ಏದುಸಿರು ಬಿಡುತ್ತದೆ. ಒಳಗಿನ ತೂತುಕೊಳವೆಯನ್ನು ತೆಗೆದು ಮಸಿಯನ್ನು ಕೆರೆದರೆ ಎಷ್ಟೋ ಸಲ ಹೊಸದರ ಅಗತ್ಯವೇ ಬೀಳುವುದಿಲ್ಲ.

ಕೂಡಿಸುವಾಗ ಕ್ರಮ ಮುಖ್ಯ. ಇಂಜಿನು ತಣ್ಣಗಿರಬೇಕು. ಸಿಲಿಂಡರಿನ ಬಾಯಿಗೆ ಕೊಳವೆಯನ್ನು ಹಿಡಿದಿಡುವ ಉಂಗುರದ ನಟ್ಟನ್ನು ಕೊಕ್ಕೆಪಾನಾದಿಂದಲೇ ಬಿಚ್ಚಬೇಕು. ಉಳಿ ಸುತ್ತಿಗೆಗಳಿಂದ ಹೊಡೆದರೆ ಅದರ ಹಲ್ಲುಗಳು ಮುರಿಯುತ್ತವೆ. ಹೊಸ ವಾಷರು ಹಾಕಿ, ಎಲ್ಲ ನಟ್ಟುಗಳನ್ನೂ ಮೊದಲು ಸಡಿಲವಾಗಿ ಕೂಡಿಸಿ, ಬಳಿಕ ಸಿಲಿಂಡರಿನ ಕಡೆಯಿಂದ ಹಿಂದಕ್ಕೆ ಒಂದೊಂದಾಗಿ ಬಿಗಿಯಬೇಕು. ಹಿಡಿಕೆಯ ತೂತು ಹೊಂದದಿದ್ದರೆ ಕೊಳವೆಯನ್ನು ಜಗ್ಗಿ ಬೋಲ್ಟು ಹಾಕಬಾರದು. ಅದುರಿನಿಂದ ಬೆಸುಗೆ ಬಿರಿಯುತ್ತದೆ. ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಅದರ ಪ್ರಕಾರ ಚಿಕ್ಕದೊಂದು ಪಟ್ಟಿಯನ್ನು ಮಾಡಿಸಿ, ಚೌಕಟ್ಟಿನಲ್ಲಿ ಈಗಾಗಲೇ ಇರುವ ತೂತಿಗೇ ಸೇರಿಸುವುದು ಲೇಸು.

ಹೊದಿಕೆಗೂ ಕೊಳವೆಗೂ ನಡುವೆ ಒಂದು ಬೆರಳಿನಷ್ಟಾದರೂ ತೆರವಿರಲಿ. ಒಂದು ಮೀಟರ್ ಉದ್ದದ ಉಕ್ಕಿನ ಕೊಳವೆ ೩೦೦ ಡಿಗ್ರಿ ಕಾಯ್ದರೆ ಸುಮಾರು ಮೂರೂವರೆ ಮಿಲಿಮೀಟರು ಬೆಳೆಯುತ್ತದೆ. ಹಿಂದಿನ ಹಿಡಿಕೆಯಲ್ಲಿ ರಬ್ಬರು ಇರಬೇಕಾದುದು ಈ ಹಿಗ್ಗಿಗೆ ಎಡೆಕೊಡಲೂ, ಅದುರನ್ನು ತಡೆಯಲೂ. ಎಡಗಡೆಯಲ್ಲಿ ಕಿಕ್ಕಿನ ಹಾದಿಯನ್ನೂ ಬಲಗಡೆಯಲ್ಲಿ ಬ್ರೇಕಿನ ಪೆಡಲನ್ನೂ ಒಮ್ಮೆ ಪೂರ್ತಿ ಆಡಿಸಿ ನೋಡಬೇಕು. ಹಿಂದೆ ಒಬ್ಬರನ್ನು ಕೂಡಿಸಿಯೂ ನೋಡಬೇಕು. ಕಬ್ಬಿನ ಟ್ರ್ಯಾಕ್ಟರುಗಳು ಕಡೆದ ನಮ್ಮ ಸೀಮೆಯ ಹಾದಿಗಳಲ್ಲಿ ಕೆಳಗೆ ಜೋತ ಕೊಳವೆ ಬಹುದಿನ ಬಾಳದು.

ಆಮೇಲೆ ಹತ್ತಾರು ಮೈಲು ಓಡಿಸಿ ಪ್ಲಗ್ಗನ್ನು ಬಿಚ್ಚಿ ನೋಡಬೇಕು. ಅದು ಕಂದುಬಣ್ಣವಾಗಿದ್ದರೆ ಎಲ್ಲವೂ ಸರಿ. ಬೆಳ್ಳಗಿದ್ದರೆ ಪೆಟ್ರೋಲು ಸಾಲದು. ಪಿಸ್ಟನ್ನು ಕಾಯ್ದು ಹಿಡಿದುಕೊಂಡೀತು. ಕಪ್ಪಗಿದ್ದರೆ ಹೆಚ್ಚಾಗಿದೆ. ಅದಕ್ಕೆ ತಕ್ಕಂತೆ ಕಾರ್ಬ್ಯುರೇಟರಿನ ಜೆಟ್ಟನ್ನು ಬದಲಿಸಬೇಕು.

ಸದ್ದು ಹೆಚ್ಚಾದರೆ ಶಕ್ತಿ ಹೆಚ್ಚಿತೆಂಬ ಭ್ರಮೆ ನಮ್ಮ ತರುಣರಲ್ಲಿದೆ. ಮೇಲೆ ಹೇಳಿದ ಅಲೆಯ ಲೆಕ್ಕ ತಪ್ಪಿದರೆ ಸದ್ದು ಏರಿ ಶಕ್ತಿ ಇಳಿಯುವುದೂ ಉಂಟು. ೧೯೮೯ ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಸದ್ದಡಗಿಸುವ ಸಾಧನವಿಲ್ಲದ ವಾಹನ ರಸ್ತೆಗಿಳಿಯುವಂತಿಲ್ಲ. ದವಾಖಾನೆ, ಶಾಲೆಗಳ ಮುಂದೆ ಹಾಯುವಾಗ ನಿಯಮ ಹೇಳದಿದ್ದರೂ ನಾವೇ ಅರಿಯಬೇಕಾದ ಮಾತಿದು.

ಮೈಸೂರಿನ ಕೆಲಸಗಾರರು ಬಡಿದು ಬಾಗಿಸಿದ ಆ ತಗಡುಗಳು ಕನ್ನಡ ನಾಡಿನ ಕೈಗಾರಿಕೆಯ ಇತಿಹಾಸಕ್ಕೆ ಸಾಕ್ಷಿಗಳಾಗಿವೆ. ಹೊಸದಾಗಿ ಬಂದ ಕೊಳವೆಯೇ ಹಳೆಯ ಮೈಗೆ ಹೊಂದಿಕೊಂಡು ಬಾಗಲಿ. ಹಳೆಯ ಮೈ ಕತ್ತರಿಗೆ ಗುರಿಯಾಗದಿರಲಿ.